ಶುಕ್ರವಾರದ ನೀರು, ಶನಿವಾರದ ಎಚ್ಚರಿಕೆ

ಬಂಟ್ವಾಳ ಪೇಟೆ
ಆಗಸ್ಟ್ ೧೯, ಮಂಗಳವಾರ

ಪ್ರೀತಿಯ ತಮ್ಮ ಅಸ್ಕರನಿಗೆ ಅಣ್ಣ ಸುಲೈಮಾನನ ಸಲಾಂ.

ಮೊದಲು ಲೆಕ್ಕ. ನೆರೆಯಲ್ಲಿ ನೆನೆದ ಅಕ್ಕಿ ಅರವತ್ತೆರಡು ಗೋಣಿ, ಒಂದು ಲಕ್ಷ ಐವತ್ತೈದು ಸಾವಿರ. ಸಕ್ಕರೆ ಇಪ್ಪತ್ತೊಂಬತ್ತು ಸಾವಿರದ ನಾನ್ನೂರು. ಅದು ನೆನೆಯಲಿಲ್ಲ, ನೇತ್ರಾವತಿಗೆ ಶರಬತ್ತಾಗಿ ಹೋಯಿತು. ನೆರೆಯನ್ನು ಮೊದಲೇ ತಿಳಿಸುತ್ತೇವೆಂದ ಕಂಪೆನಿಗೆ ಕಟ್ಟಿದ್ದು ಹನ್ನೆರಡು ಸಾವಿರ. ಒಟ್ಟು ಒಂದು ಲಕ್ಷ ತೊಂಬತ್ತಾರು ಸಾವಿರದ ನಾನ್ನೂರು, ಅರ್ಧ ನಿನ್ನದು. ಉಳಿತಾಯ: ತುಕ್ರಪ್ಪನಿಗೆ ಕೊಡದೆ ಉಳಿಸಿದ ಒಂದು ಮುಡಿ ಅಕ್ಕಿ.

ಈಗ ಕೇಳುತ್ತೇನೆ, ನಿನ್ನ ಬೆನ್ನುನೋವು ಹೇಗುಂಟು? ಜುಬೈಲಿನ ಮರಳುಗಾಡಿನ ಸೆಕೆಯಲ್ಲಿ ಭಾರ ಎತ್ತಬೇಡ. ಇಲ್ಲಿ ನಾನೂ ನಿನ್ನ ಅತ್ತಿಗೆ ರುಕಿಯಾಳೂ ಕ್ಷೇಮ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಮಾತು ತಿರುಗಿಸಿಬಿಡುತ್ತೇನೆ. ತಲೆಹೊರೆಯಲ್ಲಿ ಒಣಮೀನು ಮಾರುತ್ತಿದ್ದ ನಾನು ಪೇಟೆಯಲ್ಲಿ ಅಂಗಡಿ ಹಾಕಿದ್ದು ಆ ವಿದ್ಯೆಯಿಂದಲೇ ಅಲ್ಲವೇ.

ಮಳೆಗಾಲವಿಡೀ ದೋಣಿಯ ತುಕ್ರಪ್ಪ ಹೊಳೆಬದಿಯಲ್ಲಿ ಕೋಲು ನೆಟ್ಟು ನೀರು ನೋಡುತ್ತಿದ್ದದ್ದು ನಿನಗೆ ನೆನಪಿರಬೇಕು. ನೀರು ಏರುವ ಲಕ್ಷಣ ಕಂಡರೆ ಅಂಗಡಿ ಅಂಗಡಿಗೆ ಬಂದು ಹೇಳುತ್ತಿದ್ದ. ಅದಕ್ಕೆ ನಮ್ಮ ಪಾಲು ವರ್ಷಕ್ಕೊಂದು ಮುಡಿ. ಏಪ್ರಿಲಿನಲ್ಲಿ ಕಂಪೆನಿಯವರು ಬಂದರು. ಮೇ ಕೊನೆಗೆ ಹೊಳೆಯುದ್ದಕ್ಕೂ ನೀರು ಅಳೆಯುವ ನಲವತ್ತು ಯಂತ್ರ, ನೆರೆ ಬರುವ ನಾಲ್ಕು ಗಂಟೆ ಮೊದಲು ಫೋನಿಗೆ ಎಚ್ಚರಿಕೆ ಎಂದರು. ಒಂದೇ ಕೆಲಸಕ್ಕೆ ಎರಡು ಕೂಲಿ ಯಾಕೆ ಎಂದು ವರ್ತಕರ ಸಭೆಯಲ್ಲಿ ಎದ್ದು ಹೇಳಿದವನು ನಾನೇ. ಎಲ್ಲರೂ ತಲೆಯಾಡಿಸಿದರು. ತುಕ್ರಪ್ಪ ಜಗಳವಾಡಲಿಲ್ಲ. “ಯಂತ್ರಕ್ಕೆ ಚಳಿಜ್ವರ ಬರ್ಲಿಕ್ಕಿಲ್ಲ ಬ್ಯಾರಿಗಳೇ, ಒಳ್ಳೇದಾಯ್ತು” ಎಂದು ಕೋಲು ಕಿತ್ತುಕೊಂಡು ವೇಣೂರಿನ ಮಗಳ ಮನೆಗೆ ಹೋದ. ಮೇ ಎಂದದ್ದು ಜೂನ್ ಆಯಿತು, ಜೂನ್ ಎಂದದ್ದು ‘ಮುಂದಿನ ಹಂತ’ ಆಯಿತು. ನಲವತ್ತರಲ್ಲಿ ನೆಟ್ಟದ್ದು ಹನ್ನೊಂದು, ಜೀವ ಇದ್ದದ್ದು ಮೂರಕ್ಕೆ. ಇದೆಲ್ಲ ಆಮೇಲೆ ಗೊತ್ತಾದದ್ದು. ಫೋನಿನಲ್ಲಿ ಮಾತ್ರ ಸದಾ ಹಸಿರು ದೀಪ.

ನೆರೆ ಬಂದ ಆ ಶುಕ್ರವಾರ ನಾನು ಜುಮಾಕ್ಕೆ ಹೊರಡುವಾಗ ಜೈನಬಮ್ಮ ತಡೆದರು. ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದು ಹೊಲಿಯುವವರು. ಮಿಷನ್ ಎರಡನ್ನೂ ಅಟ್ಟಕ್ಕೆ ಏರಿಸಿಡಬೇಕೋ ಎಂದು ಕೇಳಲಿಕ್ಕೆ. “ನಿನ್ನ ಫೋನ್ ಏನು ಹೇಳ್ತದೆ ಸುಲೈಮಾನೇ?” ನಾನು ನೋಡಿದೆ. ಹಸಿರು ಉಂಟು, ಹೆದರಬೇಡಿ ಎಂದೆ. ನಮಾಜು ಮುಗಿಸಿ ಬರುವಾಗ ಬೀದಿಯಲ್ಲಿ ಮೊಣಕಾಲುದ್ದ ನೀರು, ಸಂಜೆಯ ಅಸರಿನ ಹೊತ್ತಿಗೆ ಎದೆಯುದ್ದ. ಅವರ ಮಿಷನ್ ಎರಡೂ ಕೆಸರಿನಡಿ. ಹೊಲಿಯಲು ಬಂದಿದ್ದ ಶಾಲೆಯ ಸಮವಸ್ತ್ರದ ಬಟ್ಟೆಯೆಲ್ಲ ಹೊಳೆಪಾಲು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ನಾನು ಕೆಸರು ಬಳಿಯುತ್ತಿರುವಾಗ, ಫೋನು ಕೂಗಿತು: ನಾಲ್ಕು ಗಂಟೆಯೊಳಗೆ ನೆರೆ ಬರುವ ಸಾಧ್ಯತೆ.

ಜೈನಬಮ್ಮ ಕಂಪೆನಿಯಿಂದ ಪರಿಹಾರ ಕೇಳಿ ದೂರು ಕೊಟ್ಟಿದ್ದಾರೆ. ಕಂಪೆನಿಗೆ ಹಣ ಕಟ್ಟಿದವನು ನಾನು, ಅವರು ಕೇಳಿದ್ದು ನನ್ನ ಫೋನನ್ನು, ಹಾಗಾಗಿ ಅವರಿಗಿರುವ ಸಾಕ್ಷಿ ನಾನೊಬ್ಬನೇ. ಕಳೆದ ವಾರ ಕಂಪೆನಿಯ ಮುರಳಿ ಎಂಬವರು ಬಂದರು. ಮೂಡಬಿದ್ರೆಯಲ್ಲಿ ಓದಿದವರಂತೆ, ಬಹಳ ವಿನಯ. ಈ ವರ್ಷದ ಗುರಿ ಮುಟ್ಟಿದ್ದೇವೆಂದು ಕಂಪೆನಿಗೆ ಬಂಡವಾಳ ಹಾಕಿದವರಿಗೆ ತೋರಿಸಬೇಕಂತೆ. ಎಚ್ಚರಿಕೆ ಶುಕ್ರವಾರ ಬೆಳಿಗ್ಗೆಯೇ ಬಂದಿತ್ತು, ನಾವೇ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ನಾನು ಬರೆದುಕೊಟ್ಟರೆ ನಮ್ಮ ನಷ್ಟ ಪೂರ್ತಿ ಕೊಡುತ್ತಾರಂತೆ. ರುಕಿಯಾ ಒಳಗಿಂದ ಎಲ್ಲ ಕೇಳಿಸಿಕೊಂಡಳು. ಅವರು ಹೋದ ಮೇಲೆ, “ಆ ಅಮ್ಮನಿಗೆ ಹಸಿರು ಅಂತ ಹೇಳಿದ್ದು ನೀವು” ಎಂದಳು.

ಹೊತ್ತಿಗೆ ಸರಿಯಾಗಿ ಉಣ್ಣು. ದುಆ ಮಾಡುವಾಗ ಈ ಅಣ್ಣನ ಹೆಸರೂ ಇರಲಿ.

ನಿನ್ನ
ಸುಲೈಮಾನ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಿಕ್ಕೆ ಕೈ ಬರಲಿಲ್ಲ. ನಿನ್ನೆ ಮುರಳಿಯವರ ಕಾಗದಕ್ಕೆ ಸಹಿ ಹಾಕಿದೆ. ನಿನ್ನ ಖಾತೆಗೆ ತೊಂಬತ್ತೆಂಟು ಸಾವಿರದ ಇನ್ನೂರು ಬರುತ್ತದೆ. ಎಲ್ಲಿಂದ ಬಂತೆಂದು ತಿಳಿದೇ ಖರ್ಚು ಮಾಡು. ಯಾರಿಗೆ ಏನು ಸಿಕ್ಕಿತೆಂದರೆ, ಕಂಪೆನಿಗೆ ಗುರಿ ಮುಟ್ಟಿದ ಕಾಗದ. ಮುರಳಿಯವರಿಗೆ ಬಡ್ತಿ ಸಿಗಬಹುದು. ನಿನಗೆ ಅರ್ಧ, ನನಗೆ ಅರ್ಧ. ಜೈನಬಮ್ಮನಿಗೆ, ಎಚ್ಚರಿಸಿದರೂ ಕೇಳದವರೆಂಬ ಹೆಸರು.