ಒದ್ದೆಬಿಸಿಲಿನ ದಿನ ಶೀನ ಹೊರಗೆ ಹೋದದ್ದು

ಕೋಡಿಹಿತ್ಲು, ಕರಾವಳಿ
ಕ್ರಿ.ಶ. ೨೧೮೭, ಎರಡನೆಯ ಬೇಸಿಗೆ

ನಮ್ಮ ಹಿಂದಿನವರಿಗೆ,

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದಲ್ಲಿ ಅವುಗಳ ಅಗತ್ಯವಿರಲಿಲ್ಲ. ಜೂನ್ ಬಂದರೆ ಮಳೆಗಾಲವೆಂದು ನೀವು ನಂಬಿದ್ದಿರಂತೆ. ನಮಗೆ ಅದು ಎರಡನೆಯ ಬೇಸಿಗೆ. ಮೋಡ ಕಡಲ ಮೇಲೆಯೇ ನಿಂತಿರುತ್ತದೆ, ದಡಕ್ಕೆ ಬರುವುದಿಲ್ಲ. ಬಂದರೆ ವರ್ಷದ ಮಳೆಯೆಲ್ಲ ಒಮ್ಮೆಲೇ ಸುರಿದು ಗದ್ದೆಯ ಮಣ್ಣನ್ನೂ ಹೊತ್ತೊಯ್ಯುತ್ತದೆ. ಉಳಿದಂತೆ ನಾವು ಹೆದರುವುದು ಒದ್ದೆಬಿಸಿಲಿಗೆ. ಅಂದು ಗಾಳಿಯಲ್ಲಿ ಎಷ್ಟು ನೀರಿರುತ್ತದೆಂದರೆ ಮೈಮೇಲಿನ ಬೆವರು ಆರುವುದೇ ಇಲ್ಲ. ನೆರಳಲ್ಲಿ ಕೂತವರೂ ಒಳಗಿನಿಂದ ಬೇಯುತ್ತಾರೆ. ಕೊಂಬು ಊದಿದೊಡನೆ ಊರಿಗೆ ಊರೇ ತಂಪುಮನೆ ಸೇರುತ್ತದೆ. ಅದು ಗುಡ್ಡದೊಳಗೆ ಕಲ್ಲು ಕೊರೆದು ಮಾಡಿದ ಹಜಾರ. ಅಲ್ಲೇ ಅಡುಗೆ, ಅಲ್ಲೇ ಮದುವೆಯ ಮಾತುಕತೆ, ಅಲ್ಲೇ ಹೆರಿಗೆ. ನಮ್ಮ ಮಗಳು ಪಮ್ಮಿ ಹುಟ್ಟಿದ್ದೂ ಅಲ್ಲೇ.

ಹೋದ ವರ್ಷ ಅಂಥದೊಂದು ದಿನ ಎಲ್ಲರೂ ಒಳಗೆ ಸೇರಿದ ಮೇಲೆ, ಕಣ್ಣು ಕಾಣದ ಅಕ್ಕು ದೊಡ್ಡಮ್ಮ ಬಂದಿಲ್ಲವೆಂದು ತಿಳಿಯಿತು. ನನ್ನ ಗಂಡ ಶೀನ ಎದ್ದ. ನಾನು ಅವನ ಕೈ ಹಿಡಿದೆ.

"ದೊಡ್ಡಮ್ಮ ಒಂದೇ ಇತ್ತ್ ಮಾರಾಯ್ತಿ ಅಲ್ಲಿ. ಬಿಡುಕಾತ್ತಾ?" ಎಂದ.

ಕೈ ಬಿಟ್ಟೆ.

ಅವಳ ಮನೆ ದೂರದ ಹೊಳೆಬಾಯಿಯಲ್ಲಿ. ಅವಳನ್ನು ಬೆನ್ನ ಮೇಲೆ ಹೊತ್ತು ಅವನು ಮರಳಿದ. ದಾರಿಯ ಬಾವಿಯಲ್ಲಿ ಸಿಕ್ಕ ನೀರನ್ನೆಲ್ಲ ಅವಳ ತಲೆಗೇ ಸುರಿದಿದ್ದನಂತೆ. ಅಕ್ಕು ದೊಡ್ಡಮ್ಮ ಉಳಿದಳು. ಶೀನನ ಮೈ ಮಾತ್ರ ಕಾದ ಕಾವಲಿಯಾಗಿತ್ತು, ಬೆವರು ನಿಂತೇ ಹೋಗಿತ್ತು. ಒದ್ದೆ ಬಟ್ಟೆ ಹೊದೆಸಿದೆವು, ಬೀಸಿದೆವು. ಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಅದಕ್ಕೇ ಕಿವಿಗೊಟ್ಟಿದ್ದ.

"ಚಂದು, ಮಳಿ ಬಂತಾ?"

"ಹೂಂ, ಬಂತ್. ಅಂಗ್ಳ ಎಲ್ಲ ಒದ್ದಿ ಆಯ್ತ್," ಎಂದೆ.

"ಹಂಗಾರೆ ನಾಳಿಗ್ ತಂಪಾತ್ತ್," ಎಂದು ಕಣ್ಣು ಮುಚ್ಚಿದ. ಮತ್ತೆ ತೆರೆಯಲಿಲ್ಲ.

ಮಳೆ ಬಂದದ್ದು ತಿಂಗಳ ಮೇಲೆ. ಸುಡಲು ಸೌದೆಯಿಲ್ಲದೆ ಅವನನ್ನು ಮಣ್ಣು ಮಾಡಿದ್ದ ದಿಬ್ಬವನ್ನೇ ಅದು ಕಡಲಿಗೆ ಎಳೆದೊಯ್ದಿತು. ದೊಡ್ಡಮ್ಮ ಈಗ ನನ್ನ ಜೊತೆಗೇ ಇದ್ದಾಳೆ. ಬದುಕಿ ಉಳಿದದ್ದೇ ತಪ್ಪೆಂಬಂತೆ, ನಾನು ಗಂಜಿ ಬಡಿಸಿದರೆ ಮುಖ ತಿರುಗಿಸುತ್ತಾಳೆ.

ನಿಮ್ಮ ಮೇಲೆ ಸಿಟ್ಟಿಲ್ಲವೆಂದು ಬರೆಯಬೇಕೆಂದಿದ್ದೆ. ಬರೆಯಲಾಗುತ್ತಿಲ್ಲ. ಹೊಳೆಬಾಯಿಯ ಉಪ್ಪುನೀರಲ್ಲಿ ಬೇರೂರಿ ದಡದ ಮಣ್ಣು ಹಿಡಿಯುವ ಕಾಂಡ್ಲಾ ಕಾಡು ನಿಮ್ಮಲ್ಲಿ ಇನ್ನೂ ನಿಂತಿದ್ದರೆ, ದಮ್ಮಯ್ಯ, ಕಡಿಯಬೇಡಿ.

ಮೋಡ ಕಂಡರೆ ಪಮ್ಮಿ ಒಳಗೆ ಓಡುತ್ತಾಳೆ. ನಿಮ್ಮ ಮಕ್ಕಳು ಹೊರಗೆ ಓಡುತ್ತಾರಂತೆ. ಅವರನ್ನು ಕೂಡಲೇ ಕರೆಯಬೇಡಿ. ಇನ್ನಷ್ಟು ಹೊತ್ತು ನೆನೆಯಲಿ.

ಚಂದು