ಒಂಬತ್ತು ಅಡಿ ಏಳು ಇಂಚಿನ ರಿಂಗು ಮತ್ತು ಪಟ್ಟಿಯಲ್ಲಿಲ್ಲದ ನೀಲಾ

ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಹುಡುಗಿಯರ ಗುರಿ ಈ ವರ್ಷ ತಪ್ಪುತ್ತಲೇ ಇಲ್ಲ ಎಂಬುದು ನನ್ನ ದೂರು. ಹತ್ತು ಅಡಿ ಎತ್ತರದಲ್ಲಿರಬೇಕಾದ ರಿಂಗು ನಿಮ್ಮ ಅಂಕಣದಲ್ಲಿ ಒಂಬತ್ತು ಅಡಿ ಏಳು ಇಂಚಿನಲ್ಲಿದೆ. ಆ ಗಿಡ್ಡ ರಿಂಗಿಗೆ ಸರಿಯಾಗಿ ಎಸೆಯುವವರನ್ನೆಲ್ಲ ನೀವು ತಂಡಕ್ಕೆ ಆರಿಸಿದ್ದೀರಿ. ಹತ್ತು ಅಡಿಗೆ ಸರಿಯಾಗಿ ಎಸೆಯುವ ಒಬ್ಬಳೇ ಒಬ್ಬಳನ್ನು ಕೈಬಿಟ್ಟಿದ್ದೀರಿ. ಪಟ್ಟಿ ಶುಕ್ರವಾರ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಇವತ್ತು ಸೋಮವಾರ. ತಮಗೆ ಖಾಸಗಿಯಾಗಿ ಬರೆದ ಎರಡು ಪತ್ರಗಳಿಂದ ಏನೂ ಆಗಲಿಲ್ಲವಾದ್ದರಿಂದ ಇದನ್ನು ಊರಿನೆದುರು ಬರೆಯುತ್ತಿದ್ದೇನೆ.

ಇದನ್ನೆಲ್ಲ ಹೇಳಲು ನೀನು ಯಾರು ಎಂದು ತಾವು ಕೇಳುವುದು ನ್ಯಾಯವೇ. ವಿದ್ಯಾನಗರದಲ್ಲಿ ನಿಮ್ಮ ಹಿಂದಿನ ಕಂಪೌಂಡಿಗೆ ಬೆನ್ನು ಹಚ್ಚಿಕೊಂಡು ಗೇಟು, ಗ್ರಿಲ್ ಮಾಡುವ ಒಂದು ವರ್ಕ್‌ಶಾಪ್ ಇದೆಯಲ್ಲ, ಅದು ನನ್ನದು. ನಿಮ್ಮದೇ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದವರೆಗೆ ಓದಿದೆ, ಆಮೇಲೆ ಅಪ್ಪನ ವೆಲ್ಡಿಂಗ್ ಕನ್ನಡಕ ಹಾಕಿಕೊಂಡೆ. ಹನ್ನೊಂದು ವರ್ಷಗಳಿಂದ ಬೆಳಗಿನ ಚಹಾ ಹಿಡಿದುಕೊಂಡು ಗೋಡೆಯ ಈಚೆ ನಿಂತು ನಿಮ್ಮ ಹುಡುಗಿಯರ ಅಭ್ಯಾಸ ನೋಡುತ್ತಿದ್ದೇನೆ. ಹೊರಗಿನ ಪಂದ್ಯಗಳಿಗೆ ಕೆಲಸ ಬಿಟ್ಟು ಹೋಗುತ್ತೇನೆ. ಹೆಂಡತಿ ಯಾಸ್ಮಿನ ಇದಕ್ಕೆ ಹುಚ್ಚು ಎನ್ನುತ್ತಾಳೆ. ನಾನು ಅಲ್ಲಗಳೆಯುವುದಿಲ್ಲ.

ಪ್ರತಿವರ್ಷ ಪಂದ್ಯಾವಳಿಗೆ ಮೊದಲು ತಂಡದ ಬಗ್ಗೆ ನಾಲ್ಕು ಮಾತು ಆಡುವುದು ನನ್ನ ಚಟ. ಈ ಸಲವೂ ಆಡಿಬಿಡುತ್ತೇನೆ. ಹುಮಾ ಚೆಂಡು ಪುಟಿಸುತ್ತ ಓಡುವಾಗ ಎದುರಿನವರು ಅವಳನ್ನಲ್ಲ, ಅವಳು ಬಿಟ್ಟುಹೋದ ಜಾಗವನ್ನು ಕಾಯುತ್ತಿರುತ್ತಾರೆ. ಅಂಥ ಕಾಲು ಅವಳದು. ಸೌಮ್ಯಾ ಎತ್ತರದ ಹುಡುಗಿ, ಬೋರ್ಡಿಗೆ ಬಡಿದು ಬಂದ ಚೆಂಡನ್ನು ಯಾರಿಗೂ ಬಿಡುವುದಿಲ್ಲ, ಆದರೆ ಹಿಡಿದ ಮೇಲೆ ಏನು ಮಾಡಬೇಕೆಂದು ಇನ್ನೂ ಯೋಚಿಸುತ್ತ ನಿಲ್ಲುತ್ತಾಳೆ. ಹೊಸದಾಗಿ ಬಂದ ಮೂವರಿಗೂ ಕೈ ಛಲೋ ಇದೆ. ಪಟ್ಟಿಗೆ ಬಂದವರಲ್ಲಿ ಆಯ್ಕೆಯ ದಿನ ಇಪ್ಪತ್ತು ಎಸೆತಕ್ಕೆ ಹದಿನೈದು, ಹದಿನಾರು ಹಾಕದವರೇ ಇರಲಿಲ್ಲ. ಗೋಡೆಯ ಮೇಲಿಂದ ನೋಡಿದವರಿಗೆ ಇದು ಕಪ್ ಗೆಲ್ಲುವ ತಂಡ. ನನಗೆ ಮಾತ್ರ ಅಳು ಬರುತ್ತದೆ.

ಯಾಕೆಂದು ಹೇಳುತ್ತೇನೆ. ಎರಡು ವರ್ಷದ ಹಿಂದೆ ಪರಿಶೀಲನಾ ಸಮಿತಿ ಬರುತ್ತದೆಂದು ನೀವು ಹಳೆಯ ಅಂಕಣದ ಮೇಲೆ ಹೊಸ ಕಾಂಕ್ರೀಟು ಹಾಕಿಸಿದಿರಿ, ಮೇಲೆ ಕೆಂಪು, ನೀಲಿ ಬಣ್ಣ ಬಳಿಸಿದಿರಿ. ನೋಡಲು ಬಹಳ ಚೆಂದವಿದೆ, ಸಮಿತಿಯವರೂ ಮೆಚ್ಚಿಕೊಂಡರಂತೆ. ನೆಲ ಐದು ಇಂಚು ಮೇಲೆದ್ದಿತು. ಕಂಬ ಇದ್ದಲ್ಲೇ ಇತ್ತು. ಇಷ್ಟೇ ವಿಷಯ. ನೆಲವನ್ನು ಎತ್ತರಿಸಿದವರಿಗೆ ರಿಂಗನ್ನೂ ಎತ್ತರಿಸಬೇಕು ಎಂದು ಯಾರೂ ಹೇಳಲಿಲ್ಲ, ಕೆಲಸದ ಆದೇಶದಲ್ಲಿ 'ನೆಲ' ಎಂದಷ್ಟೇ ಇತ್ತು.

ಹೋದ ವರ್ಷ ಧಾರವಾಡದಲ್ಲಿ ಮೊದಲ ಸುತ್ತಿನ ಪಂದ್ಯ. ನಾನೂ ಹೋಗಿದ್ದೆ. ಇಲ್ಲಿ ಕಣ್ಣು ಮುಚ್ಚಿ ಹಾಕುತ್ತಿದ್ದ ಹುಡುಗಿಯರ ಚೆಂಡುಗಳು ಅಲ್ಲಿ ಒಂದಾದ ಮೇಲೊಂದು ರಿಂಗಿನ ಮುಂದಿನ ಅಂಚಿಗೆ ಬಡಿದು ಬಿದ್ದವು. ಕೊನೆಗೆ ನೀಲಾಗೆ ಎರಡು ಫ್ರೀ ಥ್ರೋ ಸಿಕ್ಕವು. ಯಾರೂ ಅಡ್ಡ ಬರುವಂತಿಲ್ಲ, ಗೆರೆಯ ಮೇಲೆ ನಿಂತು ಎಸೆಯುವುದು. ಎರಡೂ ಬೀಳಲಿಲ್ಲ, ಒಂದು ಅಂಕದಿಂದ ಸೋತೆವು. ಮರುದಿನ ತಾವು ಎಲ್ಲರೆದುರು ನಮ್ಮ ಹುಡುಗಿಯರಿಗೆ ಮನೋಬಲ ಸಾಲದು ಎಂದಿರಿ. ಆಮೇಲೆ ಆತ್ಮವಿಶ್ವಾಸ ವೃದ್ಧಿಯ ಮೂರು ದಿನದ ಶಿಬಿರ ನಡೆಯಿತು. ಆತ್ಮವಿಶ್ವಾಸವನ್ನು ಎಷ್ಟು ಇಂಚು ವೃದ್ಧಿಸಿದರೆ ರಿಂಗಿನ ಐದು ಇಂಚು ತುಂಬುತ್ತದೆ, ಮಾನ್ಯರೇ?

ನೀಲಾ ಶಿರಗುಪ್ಪಿಯ ಹುಡುಗಿ. ತಾಯಿ ಕಸ್ತೂರೆವ್ವ ಅಲ್ಲಿಯ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾರೆ. ಆ ಎರಡು ಎಸೆತಗಳಾದ ಮೇಲೆ ಈ ಹುಡುಗಿ ದಿನಾ ಮೊದಲ ಬಸ್ಸಿಗೆ ಬಂದು, ಉಳಿದವರು ಬರುವ ಮೊದಲೇ ನೂರು ಫ್ರೀ ಥ್ರೋ ಹಾಕತೊಡಗಿದಳು. ಮಳೆ ಬಂದರೂ ಬಿಡಲಿಲ್ಲ. ನಾನು ನೋಡಿ ಹೆಮ್ಮೆಪಡುತ್ತಿದ್ದೆ. ಈ ಜುಲೈಯಲ್ಲಿ ಒಂದು ದಿನ ನನ್ನ ಕಣ್ಣಿಗೆ ಏನೋ ಹತ್ತಿತು. ಕಿಟಕಿ, ಬಾಗಿಲು ಅಳೆದು ಬದುಕಿದವನು, ಎತ್ತರ ತಪ್ಪಿದರೆ ನನ್ನ ಮನಸ್ಸಿಗೆ ಸಮಾಧಾನವಿರುವುದಿಲ್ಲ. ಭಾನುವಾರ ಕಾವಲುಗಾರ ಗಿರಿಯಪ್ಪನವರನ್ನು ಕೇಳಿಕೊಂಡು ಒಳಗೆ ಹೋಗಿ ಅಳೆದೆ. ಒಂಬತ್ತು ಅಡಿ ಏಳು ಇಂಚು. ಟೇಪು ಕೆಟ್ಟಿರಬೇಕೆಂದು ಬೇರೆ ಟೇಪು ತಂದೆ, ಅದೂ ಅಷ್ಟೇ ಹೇಳಿತು. ಎಂಟು ತಿಂಗಳಿಂದ ಆ ಹುಡುಗಿ ದಿನಕ್ಕೆ ನೂರು ಸಲ ತಪ್ಪನ್ನೇ ಬಾಯಿಪಾಠ ಮಾಡುತ್ತಿದ್ದಳು.

ನಿಮ್ಮ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಹೇಳಿದೆ. ಪಾಪ, ಕೆಟ್ಟವರಲ್ಲ. "ಭಾಯ್, ನೀವು ಹೇಳೂದು ಖರೇ ಇರಬಹುದು. ಆದ್ರ ಕಾಮಗಾರಿ ಸರ್ಟಿಫಿಕೇಟನ್ಯಾಗ ಹತ್ತ ಫೂಟ ಅಂತ ಬರದಾರ. ಅದರ ಮ್ಯಾಲ ದೊಡ್ಡ ಸಾಹೇಬ್ರ ಸಹಿ ಐತಿ. ನಾ ಏನ್ ಮಾಡ್ಲಿ ಹೇಳ್ರಿ" ಎಂದರು. ದೊಡ್ಡ ಸಾಹೇಬರೆಂದರೆ ತಾವು. ತಮಗೆ ಬರೆದೆ. 'ದಾಖಲೆಗಳನ್ನು ಪರಿಶೀಲಿಸಲಾಗಿ ರಿಂಗಿನ ಎತ್ತರವು ನಿಯಮಾನುಸಾರ ಇರುವುದು ಕಂಡುಬಂದಿದೆ' ಎಂದು ಉತ್ತರ ಬಂತು. ದಾಖಲೆಯ ರಿಂಗು ಹತ್ತು ಅಡಿಗಿದೆ, ನಾನೂ ಒಪ್ಪುತ್ತೇನೆ. ಹುಡುಗಿಯರಿಗೆ ಆ ದಾಖಲೆಯ ಮೇಲೆಯೇ ಆಡಲು ಅನುಕೂಲ ಮಾಡಿಕೊಡಬಹುದಿತ್ತಲ್ಲವೇ? ಎರಡನೇ ಪತ್ರಕ್ಕೆ ಉತ್ತರವೂ ಇಲ್ಲ.

ಆಗ ನಾನೊಂದು ಕೆಲಸ ಮಾಡಿದೆ. ಸರಳು ಬಗ್ಗಿಸಿ ರಿಂಗು ಮಾಡಿ ನನ್ನ ವರ್ಕ್‌ಶಾಪಿನ ಗೋಡೆಗೆ ಸರಿಯಾಗಿ ಹತ್ತು ಅಡಿಗೆ ಬೆಸೆದೆ, ಫ್ರೀ ಥ್ರೋ ಗೆರೆಯನ್ನು ಸುಣ್ಣದಲ್ಲಿ ಎಳೆದೆ. ನೀಲಾಳನ್ನು ಕರೆದು ಎಲ್ಲ ಹೇಳಿದೆ. ಅವಳು ರಿಂಗಿನ ಕೆಳಗೆ ಹೋಗಿ ನಿಂತು, "ಹಂಗಾರ ಹೋದ ವರ್ಷ ಸೋತಿದ್ದು ನನ್ನ ಸಲುವಾಗಿ ಅಲ್ಲೇನ್ರಿ ಕಾಕಾ?" ಎಂದಳು. ಅಲ್ಲವ್ವಾ ಎಂದೆ. ಅಲ್ಲೇ ಕಬ್ಬಿಣದ ಪಟ್ಟಿಗಳ ಮೇಲೆ ಕೂತು ಅತ್ತಳು. ಮರುದಿನದಿಂದ ನನ್ನಲ್ಲಿಗೇ ಬರತೊಡಗಿದಳು, ಮೂರು ವಾರದಲ್ಲಿ ಅವಳ ಕೈ ಸರಿಹೋಯಿತು. ಸರಿಹೋಯಿತು ಎಂದರೆ ನಿಮ್ಮ ಅಂಕಣದಲ್ಲಿ ಕೆಟ್ಟಿತು. ಹತ್ತು ಅಡಿಗೆ ಎಸೆದ ಚೆಂಡು ನಿಮ್ಮ ರಿಂಗಿನ ಹಿಂದಿನ ಅಂಚಿಗೆ ಬಡಿದು ಸಿಡಿಯುತ್ತಿತ್ತು. ಆಯ್ಕೆಯ ದಿನ ಇಪ್ಪತ್ತಕ್ಕೆ ನಾಲ್ಕು ಹಾಕಿದಳು. ತಾವೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಿರಿ. 'ಈ ಹುಡುಗಿ ಲಯ ಕಳೆದುಕೊಂಡಿದ್ದಾಳೆ' ಎಂದು ಹೆಸರು ಹೊಡೆದುಹಾಕಿಸಿದಿರಿ. ಅವಳಿಗಿದು ಕೊನೆಯ ವರ್ಷ. ಆಮೇಲೆ ಉಳಿದವರೂ ನನ್ನ ರಿಂಗಿಗೆ ಬರಲಿ ಎಂದು ನೀಲಾ ಗೆಳತಿಯರನ್ನು ಕರೆದಳು. "ನಿನ್ನ ಗತಿ ನೋಡೇವಲ್ಲ, ಬ್ಯಾಡ ತಾಯಿ" ಎಂದಳಂತೆ ಹುಮಾ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ನೀಲಾ ಇವತ್ತು ತಂಡದಲ್ಲಿರುತ್ತಿದ್ದಳು. ಈ ಮಾತು ನನ್ನನ್ನು ಊಟಕ್ಕೆ ಕೂರಲು ಬಿಡುತ್ತಿಲ್ಲ. ನಿಮ್ಮ ತಪ್ಪನ್ನು ಎತ್ತಿ ಆಡುತ್ತಿರುವವನು ನನ್ನ ತಪ್ಪನ್ನೂ ಹೇಳಬೇಕಲ್ಲ, ಹೇಳಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಗುರುವಾರದೊಳಗೆ ತಮ್ಮದೇ ಟೇಪು ಹಿಡಿದು, ತಮ್ಮದೇ ಎಂಜಿನಿಯರರನ್ನು ಕರೆದುಕೊಂಡು ಅಂಕಣಕ್ಕೆ ಇಳಿದು ಒಮ್ಮೆ ಅಳೆಯಿರಿ. ಹತ್ತು ಅಡಿ ಬಂದರೆ ಗೇಟಿನ ಮುಂದೆ ನಿಂತು ಎಲ್ಲರೆದುರು ಕ್ಷಮೆ ಕೇಳುತ್ತೇನೆ. ಬರದಿದ್ದರೆ ರಿಂಗನ್ನು ಎತ್ತರಿಸಿ, ಅರ್ಧ ದಿನದ ಕೆಲಸ, ನಾನೇ ಪುಕ್ಕಟೆ ಮಾಡಿಕೊಡುತ್ತೇನೆ. ಆಮೇಲೆ ಎಲ್ಲರ ಕೈಯಲ್ಲೂ ಮತ್ತೆ ಇಪ್ಪತ್ತು ಎಸೆತ ಹಾಕಿಸಿ, ಬಂದದ್ದನ್ನು ನೋಡಿ ಪಟ್ಟಿ ಬರೆಯಿರಿ. ಸರ್ಟಿಫಿಕೇಟನ್ನು ಬೇಕಾದರೆ ತಿದ್ದಬೇಡಿ, ರಿಂಗು ಮೇಲೇರಿದ ದಿನ ಅದು ತಾನಾಗಿ ನಿಜವಾಗುತ್ತದೆ.

ಕೊನೆಯದಾಗಿ ಒಂದು ಪ್ರಶ್ನೆ, ಇದು ನನ್ನದಲ್ಲ. ಇವತ್ತು ಬೆಳಗ್ಗೆ ನೀಲಾ ಚೆಂಡು ಕೆಳಗಿಟ್ಟು ಕೇಳಿದಳು: "ಕಾಕಾ, ನಾ ಮತ್ತ ಮೊದಲಿನಂಗ ತಪ್ಪ ಹಾಕಾಕ ಹತ್ತಲೇನ್ರಿ? ಶುಕ್ರವಾರದೊಳಗ ಪಿ.ಇ. ಸರ್ ನೋಡಿದ್ರ ಹೆಸರು ಹಚ್ಚಬಹುದು." ಬುಧವಾರ ಹೇಳುತ್ತೇನೆ ಎಂದು ಕಳಿಸಿದೆ. ನಾನು ಅರ್ಧಕ್ಕೆ ಓದು ಬಿಟ್ಟವನು. ತಾವು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವರು. ಬುಧವಾರ ಬೆಳಗ್ಗೆ ಆರೂವರೆಗೆ ಅವಳು ನನ್ನ ಬಾಗಿಲಿಗೆ ಬರುತ್ತಾಳೆ. ಅವಳಿಗೆ ಏನು ಹೇಳಬೇಕೆಂದು ಅಷ್ಟರೊಳಗೆ ತಿಳಿಸಿ.

ಇಂತಿ,
ಒಬ್ಬ ಹುಡುಗಿಯ ಗುರಿ ಸರಿಮಾಡಿ ಅವಳನ್ನು ತಂಡದಿಂದ ಹೊರಗೆ ಹಾಕಿಸಿದ,
ಇಸ್ತಿಯಾಕ
ಗೇಟು ಮತ್ತು ಗ್ರಿಲ್ ಕೆಲಸ, ಕಾಲೇಜಿನ ಹಿಂದಿನ ಗೋಡೆ, ವಿದ್ಯಾನಗರ, ಹುಬ್ಬಳ್ಳಿ