ಜಮಖಾನ ಹೋಗಬೇಕಾಗಿದ್ದ ಮನೆ

೧೪ ನವೆಂಬರ್ ೨೦೨೫, ಶುಕ್ರವಾರ. ಮುಧೋಳ

ಸಿಟ್ಟು ಇನ್ನೂ ಇಳಿದಿಲ್ಲ. ಸಭೆಯ ಜಮಖಾನ ನನ್ನ ಮಂಚದ ಕೆಳಗೇ ಬಿದ್ದಿದೆ.

ಶುಕ್ರವಾರಕ್ಕೊಂದು ಮನೆಯಲ್ಲಿ ನಮ್ಮ ಪ್ರಾರ್ಥನೆ. ಮುಗಿದ ಮೇಲೆ ಮುಂದಿನ ವಾರದ ಮನೆಯವರು ಜಮಖಾನ ಹೊತ್ತುಕೊಂಡು ಹೋಗಬೇಕು. ಈ ಸಲ ಪಾಳಿ ಪ್ರೇಮಕುಮಾರನದು. ಹೋದ ಕ್ರಿಸ್ಮಸ್ಸಿಗೆ ಕುಡಿದು ಬಂದು ಇದೇ ಜಮಖಾನದ ಮೇಲೆ ವಾಂತಿ ಮಾಡಿಕೊಂಡವನು, ಖರೆ. ಆಮೇಲೆ ಹನ್ನೊಂದು ತಿಂಗಳು ಒಂದು ಹನಿ ಮುಟ್ಟಿಲ್ಲ.

ಇವತ್ತು ಅವನು ಜಮಖಾನ ಸುತ್ತಿ ಹೆಗಲಿಗೇರಿಸಿದ. ಸಭೆಯ ಹಿರಿಯರು ದೇವದಾಸಪ್ಪನವರು ಎಲ್ಲರೆದುರೇ ಇಳಿಸಿದರು.

"ಇನ್ನೊಂದ ವರ್ಸ ನೋಡೂಣು ತಮ್ಮಾ. ನಿನ್ನ ಮನಿಗೆ ಮಂದಿ ಯಾವ ಮಾರಿ ಹೊತ್ತ ಬರಬೇಕು?"

"ಮನಿಗೆ ಸುಣ್ಣ ಹಚ್ಚೇನ್ರೀ ಕಾಕಾ" ಎಂದ. ಅಷ್ಟೇ. ಬೆರಳ ಸಂದಿಯಲ್ಲಿ ಇನ್ನೂ ಬಿಳಿ ಇತ್ತು.

ಆಗಷ್ಟೇ ಅರ್ಧ ತಾಸು ಕ್ಷಮೆಯ ಬಗ್ಗೆ ಪ್ರಾರ್ಥಿಸಿದ ಬಾಯಿ ದೇವದಾಸಪ್ಪನವರದು! ಸ್ವಂತ ತಮ್ಮನ ಜೊತೆ ಏಳು ವರ್ಷದಿಂದ ಮಾತಿಲ್ಲ, ಆದರೂ ಅವರ ಮನೆಗೆ ಜಮಖಾನ ತಪ್ಪದೆ ಹೋಗುತ್ತದೆ. ಕುಡಿದದ್ದು ಎಲ್ಲರಿಗೂ ಕಾಣುತ್ತದೆ, ಇದು ಯಾರಿಗೂ ಕಾಣುವುದಿಲ್ಲ. ಎದ್ದು ನಿಂತವನನ್ನು ಮತ್ತೆ ತಳ್ಳುವುದಕ್ಕೆ ಸಭೆ ಯಾಕೆ ಬೇಕು?

"ಟೀಚರ, ನೀವ ತೊಗೊಂಡ ಹೋಗ್ರಿ" ಎಂದರು ನನ್ನ ಕಡೆ ತಿರುಗಿ.

ಇಷ್ಟೆಲ್ಲ ಬರೆದೆ, ಇದೊಂದನ್ನು ಬಿಟ್ಟಿದ್ದೆ. ನಾನು ಎರಡೂ ಕೈ ಚಾಚಿ ಇಸಿದುಕೊಂಡೆ. "ಆತ್ರಿ" ಎಂದೂ ಅಂದೆ.

ಬೆಳಿಗ್ಗೆ ಇದನ್ನು ಹೊತ್ತು ಪ್ರೇಮಕುಮಾರನ ಮನೆಗೆ ಒಯ್ಯುತ್ತೇನೆ. ಅವನು ನನ್ನನ್ನು ಒಳಗೆ ಕರೆಯುತ್ತಾನೋ ಇಲ್ಲವೋ.